ನೂರು ವಾಲ್ವಿನ ದರ

ಕೋದಂಡಪ್ಪನಿಗೆ ಬೇಕಾಗಿದ್ದದ್ದು ಒಂದೇ ಒಂದು ವಾಲ್ವು. ರಾಬರ್ಟ್‌ಸನ್‌ಪೇಟೆಯ ಕಾಫಿ ಹೋಟೆಲಿನ ರೇಡಿಯೋ ಯುದ್ಧದ ಸುದ್ದಿ ಹೇಳುತ್ತಲೇ ಬಾಯಿ ಮುಚ್ಚಿಕೊಂಡು, ರಿಪೇರಿಗೆಂದು ಅವನ ಅಂಗಡಿ ಸೇರಿತ್ತು. ಒಳಗಿನ ಗಾಜಿನ ವಾಲ್ವು ಸುಟ್ಟಿತ್ತು. ಬಿಡಿಯಾಗಿ ಕೊಂಡರೆ ಹನ್ನೆರಡು ರೂಪಾಯಿ, ಸಗಟಿನಲ್ಲಿ ಅಗ್ಗ. ಅದಕ್ಕೇ ಮದರಾಸಿನ ಕಂಪನಿಯೊಂದಕ್ಕೆ, ‘ನೂರು ವಾಲ್ವು ಕೊಂಡರೆ ನಿಮ್ಮ ದರವೇನು?’ ಎಂದು ದೊಡ್ಡ ಸಾಹುಕಾರನ ಗತ್ತಿನಲ್ಲಿ ಬರೆದಿದ್ದ. ಆಮೇಲೆ ‘ಸ್ಯಾಂಪಲ್ಲಿಗೆ ಒಂದು ಕಳಿಸಿ’ ಎಂದು ಅದೇ ದರಕ್ಕೆ ಒಂದನ್ನು ಹಾರಿಸುವ ಉಪಾಯ.

ಬೆಳಿಗ್ಗೆ ಉತ್ತರ ಬಂತು. ಒಂದಕ್ಕೆ ಐದು ರೂಪಾಯಿಯಂತೆ! ಆದರೆ ಲಕೋಟೆಯನ್ನು ಯಾರೋ ಕತ್ತರಿಸಿ, ಸರ್ಕಾರದ ಚೀಟಿ ಅಂಟಿಸಿ ಮತ್ತೆ ಮುಚ್ಚಿದ್ದರು.

ಪಕ್ಕದಂಗಡಿಯ ದರ್ಜಿ ಪೆರುಮಾಳ್ ಹೆಗಲ ಮೇಲಿಂದ ಇಣುಕಿದ. “ಅಯ್ಯಯ್ಯೋ ಸಾಮಿ! ಸೆನ್ಸಾರ್‌ನೋರು ಒಡೆದು ನೋಡವ್ರೆ. ನೂರು ವಾಲ್ವು ನಿಂಗ್ಯಾಕಪ್ಪಾ? ವೈರ್‌ಲೆಸ್ ಕಟ್ಟಿ ಜಪಾನ್‌ನೋರ್ಗೆ ಸುದ್ದಿ ಕಳ್ಸಾಕಾ?”

“ತಮಾಸೆ ಮಾಡ್‌ಬ್ಯಾಡ ಕಣ್ಲಾ. ಬರೀ ರೇಟು ಕೇಳ್ದೆ.”

“ಅವ್ರು ನಂಬ್‌ಬೇಕಲ್ಲ! ಚಿನ್ನದ ಗಣಿ ಇರೋ ಊರು ಇದು.”

ಕೋದಂಡಪ್ಪ ಲಕೋಟೆಯನ್ನು ಮುಷ್ಟಿಯಲ್ಲಿ ಅಮುಕಿ ಹಿಡಿದ. ಅಷ್ಟರಲ್ಲಿ ಹೂ ಮಾರುವ ಮುನಿರತ್ನಮ್ಮ ಏದುಸಿರು ಬಿಡುತ್ತ ಬಂದಳು. “ಅಣ್ಣೋ, ಪೋಲೀಸ್ನೋನು ನಿನ್ನಂಗ್ಡಿ ಎಲ್ಲೈತೆ ಅಂತ ಕೇಳ್ತಾವ್ನೆ! ಆಂಡರ್ಸನ್‌ಪೇಟೆ ಕಡೆ ತೋರ್ಸಿ ಬಂದಿವ್ನಿ. ಓಡೋಗು!”

ಅವನು ಅಂಗಡಿಗೆ ಬೀಗವನ್ನೂ ಹಾಕದೆ ಓಡಿ, ಮಧ್ಯಾಹ್ನದವರೆಗೆ ಸ್ಟೇಷನ್ನಿನಲ್ಲಿ ಅವಿತಿದ್ದು, ಬಂಗಾರಪೇಟೆಯ ರೈಲು ಹತ್ತಿದ. ಅಲ್ಲಿಯ ಅಕ್ಕನ ಮನೆಯಲ್ಲಿ ಅಡಗುವುದೆಂದು ಲೆಕ್ಕ. ಟಿಕೆಟ್ ನೋಡುವವನು ಹತ್ತಿರ ಬಂದಾಗ, ಕೇಳದೆಯೇ ಎರಡೂ ಕೈ ಮೇಲೆತ್ತಿದ. ಎದುರಿಗಿದ್ದ ಮುದುಕಿ ಇವನ ಮೈಮೇಲೆ ದೇವರು ಬಂತೆಂದು ಕೈಮುಗಿದಳು.

ಬಂಗಾರಪೇಟೆಯಲ್ಲಿ ಇಳಿದದ್ದೇ ತಡ, ಹಿಂದಿನ ಡಬ್ಬಿಯಿಂದ ಪೇದೆಯೊಬ್ಬ ಇಳಿದು, ಅವನ ಕೈಯಲ್ಲಿದ್ದ ಚೀಟಿ ಅಂಟಿಸಿದ ಲಕೋಟೆಯ ವಿಳಾಸ ನೋಡಿದ. “ಕೋದಂಡಪ್ಪ ನೀನೇ ಅಲ್ವಾ? ಪ್ಯಾಟೆಯೆಲ್ಲಾ ಉಡುಕ್ದೆ. ನೀನು ಸಿಗಲಿಲ್ಲ ಅಂತ ಸಾಹೇಬ್ರಿಗೆ ಯೋಳಾಕೆ ಬಂದೆ. ನಡಿ, ವೈಟಿಂಗ್ ರೂಮ್ನಾಗೇ ಅವ್ರೆ.”

ಕೋದಂಡಪ್ಪ ಅವನ ಹಿಂದೆ ವೈಟಿಂಗ್ ರೂಮಿಗೆ ಹೋದ.

ಇನ್ಸ್‌ಪೆಕ್ಟರು ಮೀಸೆ ತೀಡುತ್ತ ಕೇಳಿದರು. “ಸೆನ್ಸಾರ್‌ನವರು ಹೇಳಿದ ನೂರು ವಾಲ್ವಿನ ಮನುಷ್ಯ ನೀನೇನಾ?”

“ಬರೀ ದರ ಕೇಳ್ದೆ ಬುದ್ಧಿ! ಜಪಾನು ಯಾವ ದಿಕ್ನಾಗೈತೋ ನಂಗೊತ್ತಿಲ್ಲ!” ಎಂದು ಕಾಗದವನ್ನೇ ಅವರ ಕೈಗೆ ತುರುಕಿದ.

ಅವರು ಓದಿದರು. ಹುಬ್ಬು ಮೇಲೇರಿತು. “ಐದೇ ರೂಪಾಯಿ! ಬೆಂಗಳೂರಲ್ಲಿ ಹನ್ನೆರಡು ಸುಲೀತಾರಯ್ಯ. ನಮ್ಮನೆ ರೇಡಿಯೋ ಸತ್ತುಬಿದ್ದಿದೆ. ನಿನ್ನ ನೂರರಲ್ಲಿ ನನಗೊಂದು ಕೊಡು. ಅದಕ್ಕೇ ಹುಡುಕಿಸಿದ್ದು.”

ಹೋದ ಜೀವ ಬಂದಂತಾಯಿತು. “ಆದ್ರೆ ಬುದ್ಧಿ, ನೂರು ತರ್ಸಾದು ಅಂದ್ರೆ...”

“ತರಿಸೋದಿಲ್ಲವೆ? ಮತ್ತೆ ಯಾತಕ್ಕಯ್ಯ ಕೇಳಿದೆ?” ಮೀಸೆಯ ಮೇಲಿನ ಬೆರಳು ನಿಂತಿತು.

ಬಂದ ಜೀವ ಮತ್ತೆ ಹೋಯಿತು. “ತರ್ಸ್ತೀನಿ ಬುದ್ಧಿ! ಇವತ್ತೇ ತರ್ಸ್ತೀನಿ!”

ಇನ್ಸ್‌ಪೆಕ್ಟರು ಐದರ ನೋಟು ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಸ್ಟೇಷನ್ ಮಾಸ್ಟರು, ವಕೀಲರು, ಮಂಡಿ ಸಾಹುಕಾರರು ಎಲ್ಲರೂ ಜೇಬಿಗೆ ಕೈಹಾಕಿದರು. ಒಂದೊಂದು ನೋಟು ಅಂಗೈಗೆ ಬಿದ್ದಾಗಲೂ, ನೂರು ಕೊಳ್ಳಲು ಐನೂರು ರೂಪಾಯಿ ಇಲ್ಲದೆ ಬಿಡಿಯಾಗಿ ಕೊಂಡು ಅದಕ್ಕೆ ತಾನು ಸೇರಿಸಬೇಕಾದ ಏಳು ರೂಪಾಯಿಯನ್ನು ಕೋದಂಡಪ್ಪ ಮನಸ್ಸಿನಲ್ಲೇ ಕೂಡಿಸಿಕೊಂಡ.

ಹೊರಬಂದಾಗ ಪೇದೆ ಹಿಂದೆಯೇ ಬಂದು ನಾಚುತ್ತ ಕಿವಿಯಲ್ಲಿ ಕೇಳಿದ. “ಅಣ್ಣೋ, ನಮ್ಮ ಮಾವಂಗೂ ಒಂದು ಬೇಕಾಗಿತ್ತು. ಅದೇ ರೇಟು ತಾನೆ?”