ಮನೆಯಲ್ಲೇ ಇರುವ ಮಿಸ್

ಸೂಜಿಗೆ ದಾರ ಪೋಣಿಸಲೆಂದು ಗುಂಡನ ಅಮ್ಮ ಆ ಹಳೆಯ ಕನ್ನಡಕವನ್ನು ಮೂಗಿಗೆ ಏರಿಸದೆ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಮಕ್ಕಳಿಬ್ಬರನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆಂದು ಹಟ ಹಿಡಿದವಳು ಅವಳೇ. "ಬೆಂಕಿಪೆಟ್ಟಿಗೆ ಎಲ್ಲಿಟ್ಟೆ ಅಂತ ನೆನಪಿರಲ್ಲ, ನೀನು ಪಾಠ ಹೇಳ್ತೀಯಾ?" ಎಂದು ಅತ್ತೆ ಫೋನಿನಲ್ಲೇ ನಕ್ಕಿದ್ದರು. ಔಷಧಿ ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿ ಮಾಡುವ ಗಂಡ ಮಾತ್ರ, "ಒಂದು ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ವಾಪಸ್ ಶಾಲೆಗೆ" ಎಂದು ಒಪ್ಪಿಕೊಂಡಿದ್ದ.

ಮೊದಲ ವಾರ ಆಗಲೇ ಇಲ್ಲ. ಐದು ವರ್ಷದ ಗುಂಡ ಮೇಜಿನ ಕೆಳಗೆ ಮಲಗಿ, "ಇದು ಗುಹೆ. ಗುಹೇಲಿ ಅಕ್ಷರ ಕಾಣ್ಸಲ್ಲ" ಎಂದ. ಅವನಕ್ಕ ಚಿನ್ನಿ, ಏಳು ವರ್ಷದ ವಕೀಲೆ, "ನೀನು ಮಿಸ್ ಅಲ್ವಲ್ಲಮ್ಮಾ. ನೀನು ಹೇಳ್ಕೊಟ್ಟಿದ್ದು ತಪ್ಪಾದ್ರೆ ಯಾರನ್ನ ಕೇಳೋದು?" ಎಂದಳು. ಸಂಜೆಯ ಹೊತ್ತಿಗೆ ಅಮ್ಮನ ಗಂಟಲು ತುಕ್ಕು ಹಿಡಿದ ಗೇಟಿನಂತಾಗುತ್ತಿತ್ತು.

ಎರಡನೆಯ ವಾರದ ಒಂದು ಬೆಳಿಗ್ಗೆ ಗುಂಡನ ಚಡ್ಡಿಗೆ ಗುಂಡಿ ಹಾಕಲು ಕೂತಳು. ಕೂದಲು ಅಡ್ಡ ಬರುತ್ತಿತ್ತು. ಎತ್ತಿ ಗಂಟು ಕಟ್ಟಿ ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿದಳು. ಕನ್ನಡಕ ಹಾಕಿಕೊಂಡಳು. ಗುಹೆಯಿಂದ ಇಣುಕಿದ ಗುಂಡ ಸಟಕ್ಕನೆ ಎದ್ದ. ಮೇಜಿಗೆ ತಲೆ ಬಡಿದರೂ ಅಳಲಿಲ್ಲ. ಕೈ ಕಟ್ಟಿ ನಿಂತು, "ಗುಡ್ ಮಾರ್ನಿಂಗ್, ಮಿಸ್" ಎಂದ.

ಅವತ್ತಿನಿಂದ ಆ ಮನೆಯಲ್ಲಿ ಇಬ್ಬರು ಹೆಂಗಸರು. ಕನ್ನಡಕ ಇದ್ದರೆ ಮಿಸ್, ತೆಗೆದರೆ ಅಮ್ಮ. ಕಾನೂನು ಮಾಡಿದವಳು ಚಿನ್ನಿ. ಮಿಸ್ ಅಡುಗೆಮನೆಗೆ ಕಾಲಿಡಬಾರದು. ಮಿಸ್ ಎದುರು ಕೂಗಬಾರದು. ಮಿಸ್‌ಗೆ ಹೇಳಿದ್ದನ್ನು ಅಮ್ಮನಿಗೆ ಹೇಳಬಾರದು. ಅಪ್ಪ ಪ್ಯೂನ್. ಹನ್ನೊಂದು ಗಂಟೆಗೆ ಅವನು ತಟ್ಟೆಯಲ್ಲಿ ಟೀ ಇಟ್ಟು ತಂದು, "ಮಿಸ್, ಟೀ" ಎನ್ನಬೇಕು. ಮದುವೆಯಾದಾಗಿನಿಂದ ಹೆಂಡತಿಗೆ ಒಂದು ಲೋಟ ನೀರು ಕಾಯಿಸಿ ಕೊಡದವನು ಈಗ ಮಕ್ಕಳ ಹೆದರಿಕೆಗೆ ಟೀ ಮಾಡುವುದನ್ನೂ ಕಲಿತ.

ಗುಂಡನ ಅಮ್ಮನಿಗೆ ಒಮ್ಮೊಮ್ಮೆ ಆ ಮಿಸ್ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಎಷ್ಟು ಮೆಲ್ಲಗೆ ಮಾತಾಡುತ್ತಾಳೆ, ಎಷ್ಟು ಬೇಗ ನಗುತ್ತಾಳೆ! ಬಿಸಿ ಟೀ ಬಿಸಿಯಾಗಿದ್ದಾಗಲೇ ಕುಡಿಯುತ್ತಾಳೆ! ಒಂದು ದಿನ ಲೆಕ್ಕದ ನಡುವೆ ಚಿನ್ನಿ ಮಿಸ್ ಕಿವಿಯಲ್ಲಿ, "ನಮ್ಮಮ್ಮ ಮುಂಚೆ ಹಾಡ್ತಿದ್ಲು ಮಿಸ್. ಈಗ ಹಾಡೋದೇ ಇಲ್ಲ" ಎಂದಳು. ಮಿಸ್ ಕನ್ನಡಕ ಒರೆಸಿಕೊಳ್ಳುವ ಹಾಗೂ ಇರಲಿಲ್ಲ, ತೆಗೆದರೆ ಅಮ್ಮನಾಗಿಬಿಡುತ್ತಿದ್ದಳು.

ಇದೆಲ್ಲ ತಲೆಕೆಳಗಾಗಿದ್ದು ಮೂರನೆಯ ವಾರದ ಗುರುವಾರ.

ಬೆಳಿಗ್ಗೆ ಬ್ರೆಡ್ಡಿನ ಪೊಟ್ಟಣ ಹಿಡಿದು ಕೂತಿದ್ದ ಗುಂಡ ಇದ್ದಕ್ಕಿದ್ದಂತೆ, "ತಂ... ಪಾದ... ಜಾಗದಲ್ಲಿ... ಇಡಿ" ಎಂದ. ಯಾರೂ ಹೇಳಿಕೊಟ್ಟಿರಲಿಲ್ಲ. ತಾನು ಮಿಸ್ ಎಂಬುದನ್ನೂ ಮರೆತು ಅವಳು ಕುಣಿದಳು. ಇನ್ನು ಯಾರು ಶಾಲೆಗೆ ಕಳಿಸುತ್ತಾರೋ ನೋಡೇಬಿಡುತ್ತೇನೆ! "ಓಡು, ಕೆಳಗಿನ ಹೊಲಿಗೆ ಆಂಟಿ ಹತ್ರ ಲೆಕ್ಕಕ್ಕೆ ಒಂದು ಮುಷ್ಟಿ ಗುಂಡಿ ಇಸ್ಕೊಂಡು ಬಾ. ಹಾಗೇ ಈ ಸುದ್ದೀನೂ ಹೇಳು" ಎಂದು ಅಟ್ಟಿದಳು.

ಗುಂಡ ಗುಂಡಿ ಕೇಳಿದ. ಸುದ್ದಿ ದಾರಿಯಲ್ಲೇ ಮರೆತ.

"ಯಾರು ಕಳಿಸಿದ್ದೋ, ಅಮ್ಮನಾ?" ಎಂದಳು ಹೊಲಿಗೆಯಾಕೆ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

"ಅಮ್ಮ ಇಲ್ಲ. ಮಿಸ್."

"ಯಾವ ಮಿಸ್ಸು? ಮನೆಗೆ ಬರ್ತಾರಾ?"

"ಬರಲ್ಲ. ಮನೇಲೇ ಇರ್ತಾರೆ."

ಯಂತ್ರ ನಿಂತಿತು. "ರಾತ್ರಿ?"

"ರಾತ್ರೀನೂ."

"ನಿಮ್ಮಪ್ಪ ಏನೂ ಅನ್ನಲ್ವಾ?"

"ಅಪ್ಪ ಮಿಸ್‌ಗೆ ಟೀ ಮಾಡ್ಕೊಡ್ತಾರೆ. ಅಮ್ಮಂಗೆ ಮಾಡಲ್ಲ." ಗುಂಡ ಗುಂಡಿಗಳನ್ನು ಜೇಬಿಗೆ ತುಂಬಿದ. "ಮಿಸ್ ಬಂದ್ರೆ ಅಮ್ಮ ಹೋಗ್ಬಿಡ್ತಾಳೆ. ಅಮ್ಮಂಗೆ ಹೇಳ್ಬೇಡಿ ಆಂಟಿ, ಹೇಳ್ಬಾರ್ದು ಅಂತ ರೂಲ್ಸು."

ಹೊಲಿಗೆಯಾಕೆ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು, ನುಂಗದ ಹಾಗೆ.

ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ದಿನವಿಡೀ ಕೂರುವ ನಿವೃತ್ತ ಪೋಸ್ಟ್ ಮಾಸ್ಟರನ್ನು ವಿಚಾರಿಸಿದಳು. "ಮೇಲಿನ ಮನೆಗೆ ಟೀಚರಮ್ಮ ಯಾರಾದ್ರೂ ಹೋಗೋದು ನೋಡಿದ್ರಾ?"

"ಒಬ್ಬರೂ ಹತ್ತಿಲ್ಲ. ಒಬ್ಬರೂ ಇಳಿದಿಲ್ಲ" ಎಂದರು ಅವರು, ರಿಜಿಸ್ಟರ್ ಪತ್ರಕ್ಕೆ ಸಾಕ್ಷಿ ಹೇಳುವ ಗತ್ತಿನಲ್ಲಿ.

"ಇಳಿದಿಲ್ಲ ಅಂದ್ರೆ ಒಳಗೇ ಇದಾಳೆ!"

ಪೋಸ್ಟ್ ಮಾಸ್ಟರ್ ಕುರ್ಚಿ ತಿರುಗಿಸಿ ಮೆಟ್ಟಿಲ ಕಡೆಗೇ ಮುಖ ಮಾಡಿ ಕೂತರು.

ಹೊಲಿಗೆಯಾಕೆ ಮೇಲೆ ಬಂದಾಗ ಮಿಸ್ ಬಿಡುವು ಕೊಟ್ಟು ಅಮ್ಮನಾಗಿ ಪಾತ್ರೆ ತೊಳೆಯುತ್ತಿದ್ದಳು. ಬಾಗಿಲಲ್ಲಿ ಅವಳನ್ನು ಕಂಡದ್ದೇ ಮುಖ ಅರಳಿತು. "ಗುಂಡ ಹೇಳಿದ್ನಾ?"

"ಹೇಳ್ದ ಕಣೇ. ಎಲ್ಲಾ ಹೇಳ್ದ. ನಿಂಗೆ... ಗೊತ್ತಾ?"

"ಗೊತ್ತಿಲ್ದೆ! ನನ್ನ ಕಣ್ಣೆದುರೇ ಆಯ್ತಲ್ಲ! ನಂಗೆಷ್ಟು ಖುಷಿ ಅಂದ್ರೆ, ಕೈಕಾಲೇ ಆಡ್ತಿಲ್ಲ!"

"ಖುಷೀನಾ?" ಹೊಲಿಗೆಯಾಕೆ ಗೋಡೆ ಹಿಡಿದಳು. "ನಿನ್ನ ಗಂಡ?"

"ಅವರಿಗೆ ನನಗಿಂತ ಖುಷಿ. ಇನ್ನು ಹೀಗೇ ಮುಂದುವರಿಸೋಣ ಅಂದ್ರು. ಅತ್ತೆಗೆ ಮಾತ್ರ ಇನ್ನೂ ತಿಳಿಸಿಲ್ಲ."

"ನಾನು ತಿಳಿಸ್ತೀನಿ" ಎಂದಳು ಹೊಲಿಗೆಯಾಕೆ. ಪಾಪ, ಹುಡುಗಿಗೆ ಆಘಾತಕ್ಕೆ ತಲೆಯೇ ಕೆಟ್ಟಿದೆ ಎಂದು ಕಣ್ಣೊರೆಸಿಕೊಳ್ಳುತ್ತಾ ಇಳಿದಳು. ಅತ್ತೆ ಇರುವುದೂ ಇದೇ ಊರಿನಲ್ಲಿ, ಅವರ ಬಟ್ಟೆಗಳನ್ನೂ ಅವಳೇ ಹೊಲಿಯುವುದು, ನಂಬರು ಇತ್ತು.

ಹನ್ನೊಂದು ಗಂಟೆ. ಕೂದಲಿಗೆ ಪೆನ್ಸಿಲ್ ಏರಿತ್ತು, ಮೂಗಿಗೆ ಕನ್ನಡಕ. ಮಿಸ್ ಬೀರುವಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದಳು. ಪ್ಯೂನ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿ, "ಮಿಸ್, ಟೀ" ಎಂದ. ಅದೇ ಕ್ಷಣಕ್ಕೆ ಬಾಗಿಲು ದಡಾರನೆ ತೆರೆಯಿತು.

ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಛತ್ರಿ, ಅತ್ತೆ ನಿಂತಿದ್ದರು. ಹಿಂದೆ ಹೊಲಿಗೆಯಾಕೆ, ಅವಳ ಹಿಂದೆ ಏದುಸಿರು ಬಿಡುವ ಪೋಸ್ಟ್ ಮಾಸ್ಟರ್.

"ನಾಚಿಕೆ ಆಗಲ್ವೇನೋ!" ಅತ್ತೆ ಮಗನಿಗೆ ಛತ್ರಿ ತೋರಿಸಿದರು. "ಹೆತ್ತ ತಾಯಿಗೆ ಒಂದು ದಿನ ಟೀ ಮಾಡಿಲ್ಲ, ಇವಳಿಗೆ ತಟ್ಟೇಲಿಟ್ಕೊಂಡು ತರ್ತೀಯಾ?"

"ಅಮ್ಮಾ, ಇವಳು..."

"ಬಾಯ್ಮುಚ್ಚು! ನನ್ನ ಸೊಸೆ ಅಂದ್ರೆ ಏನಂದ್ಕೊಂಡಿದೀಯ? ನಂಗೆ ಕಾಲು ಮುರಿದಾಗ ದಿನಾ ಬಂದು ತಲೆ ಬಾಚಿದೋಳು ಅವಳು. ಒಂದು ಸಲ ಮುಖ ಗಂಟು ಹಾಕ್ಲಿಲ್ಲ."

ಬೀರುವಿನ ಕಡೆ ಮುಖ ಮಾಡಿದ್ದ ಮಿಸ್ ತಿರುಗಬೇಕೆಂದುಕೊಂಡಳು. ಆದರೆ ತಿರುಗಲಿಲ್ಲ. ಗಂಡ ಮತ್ತೆ ಬಾಯಿ ತೆರೆದಾಗ ಬೆನ್ನ ಹಿಂದೆಯೇ ಕೈ ಆಡಿಸಿ ಸುಮ್ಮನಿರಿಸಿದಳು. ಇನ್ನೊಂದು ಚೂರು ಹೇಳಲಿ.

"ಅವಳಂಥವಳು ಈ ಊರಲ್ಲೇ ಇಲ್ಲ ಕಣೋ! ನಾನು ಬಾಯ್ಬಿಟ್ಟು ಹೇಳಿಲ್ಲ ಅಷ್ಟೇ. ಹೇಳಿದ್ರೆ ತಲೆ ಮೇಲೆ ಕೂತ್ಕೋತಾಳೆ ಅಂತ."

ಮಿಸ್ ಬರೆದ ಅಕ್ಷರದ ಮೇಲೇ ಮತ್ತೆ ಮತ್ತೆ ತಿದ್ದುತ್ತಿದ್ದಳು. ಸೀಮೆಸುಣ್ಣ ಮುರಿಯಿತು.

"ಅಜ್ಜೀ," ಗುಂಡ ತುಟಿಯ ಮೇಲೆ ಬೆರಳಿಟ್ಟ, "ಕ್ಲಾಸಲ್ಲಿ ಕಿರುಚಬಾರ್ದು."

"ಏಯ್, ತಿರುಗೇ ಈ ಕಡೆ!" ಎಂದರು ಅತ್ತೆ.

ತಿರುಗಿದಳು. ಕನ್ನಡಕದ ಎರಡೂ ಗಾಜು ಮಂಜಾಗಿದ್ದವು.

ಪೋಸ್ಟ್ ಮಾಸ್ಟರ್ ಮೊದಲು ಮಾತಾಡಿದರು. "ನಾನು ಹೇಳಿದ್ನಲ್ಲ, ಒಬ್ಬರೂ ಹತ್ತಿಲ್ಲ ಅಂತ." ಹೊಲಿಗೆಯಾಕೆಗೆ ಇದ್ದಕ್ಕಿದ್ದಂತೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು.

ಚಿನ್ನಿ ಎಲ್ಲವನ್ನೂ, ಕಾನೂನುಗಳ ಸಮೇತ, ವಿವರಿಸಿದಳು. ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಲ್ಲಾ ಕೇಳಿಸ್ಕೊಂಡ್ಯಾ?"

"ಇಲ್ಲತ್ತೆ. ಕಾಲು ಬಾಚಿದ್ದು... ಅಲ್ಲ, ತಲೆ ಮುರಿದಿದ್ದು..."

"ಹುಂ. ಕೇಳಿಸ್ಕೊಂಡಿದೀಯ." ಅತ್ತೆ ಧೊಪ್ಪನೆ ಕೂತರು.

ಗುಂಡ ಬ್ರೆಡ್ಡಿನ ಪೊಟ್ಟಣ ತಂದು ಅಜ್ಜಿಯ ಮಡಿಲಲ್ಲಿಟ್ಟು ಓದಿದ. ತಂಪಾದ ಜಾಗದಲ್ಲಿ ಇಡಿ. ಅತ್ತೆಗೆ ನಂಬಿಕೆ ಬರಲಿಲ್ಲ. "ಹಾಗೇ ಬರೆದಿದೆಯಾ? ಕೊಡಿಲ್ಲಿ ಆ ಕನ್ನಡಕ. ಗಡಿಬಿಡೀಲಿ ನಂದು ಮನೇಲೇ ಬಿಟ್ಟು ಬಂದೆ."

ಕನ್ನಡಕ ಕೈ ಬದಲಾಯಿಸಿತು. ಅತ್ತೆ ಅದನ್ನು ಒರೆಸಿ ಹಾಕಿಕೊಂಡರು. ಪೊಟ್ಟಣ ಓದಿದರು. ಹಾಗೇ ಬರೆದಿತ್ತು. ಕಣ್ಣೆತ್ತಿ ಮೊಮ್ಮಕ್ಕಳನ್ನು ನೋಡಿದರು.

ಇಬ್ಬರೂ ಎದ್ದು ನಿಂತಿದ್ದರು.

"ಗುಡ್ ಮಾರ್ನಿಂಗ್, ಮಿಸ್!"

ಅತ್ತೆ ಗಾಬರಿಯಿಂದ ಹಿಂದೆ ನೋಡಿದರು. ಯಾರೂ ಇರಲಿಲ್ಲ. ಬೆನ್ನು ನಿಧಾನವಾಗಿ ನೆಟ್ಟಗಾಯಿತು. "ಕೂತ್ಕೊಳ್ಳಿ" ಎಂದರು. ಇಬ್ಬರೂ ಕೂತರು. ತಮ್ಮ ಮಾತು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ, ಅತ್ತೆಯ ಮುಖ ಹೊಸದಾಗಿ ಹೊಳಪು ಕೊಟ್ಟ ಪಾತ್ರೆಯಂತೆ ಬೆಳಗಿತು. "ಈ ಮನೆ ಶಾಲೆ ನಿಲ್ಲಿಸೋ ಮಾತು ಇನ್ನು ಯಾರೂ ಎತ್ತಬಾರ್ದು" ಎಂದು ಮಗನಿಗೆ ಗದರಿದರು. "ಸೂಟ್‌ಕೇಸು ಒಳಗಿಡು. ಒಂದಷ್ಟು ದಿನ ಇರ್ತೀನಿ."

ಗೆದ್ದೆ! ಗುಂಡನ ಅಮ್ಮನಿಗೆ ಮತ್ತೊಮ್ಮೆ ಕುಣಿಯುವಂತಾಯಿತು. ಟೀ ಲೋಟಕ್ಕೆ ಕೈ ಚಾಚಿದಳು.

ತಟ್ಟೆ ಅವಳ ಮೂಗಿನ ಕೆಳಗೇ ಹಾದುಹೋಯಿತು. ಗಂಡ ತಾಯಿಯ ಮುಂದೆ ಬಾಗಿ ನಿಂತಿದ್ದ. "ಮಿಸ್, ಟೀ."

"ಅಮ್ಮಾ," ಚಿನ್ನಿ ಪಿಸುಗುಟ್ಟಿದಳು, "ಕ್ಲಾಸ್ ನಡೀತಿದೆ. ನೀನು ಅಡುಗೆಮನೆಗೆ ಹೋಗು."

ಹೋದಳು. ಕೂದಲಲ್ಲಿ ಪೆನ್ಸಿಲ್ ಹಾಗೇ ಇತ್ತು. ತಾನೇ ನೀರು ಕಾಯಲಿಟ್ಟಳು. ಏಕೋ ಒಂದು ಹಳೆಯ ಹಾಡು ಬಾಯಿಗೆ ಬಂತು, ಗುನುಗಿದಳು.

"ಅಡುಗೆಮನೇಲಿ ಯಾರದು ಸದ್ದು?" ಎಂದರು ಹೊಸ ಮಿಸ್.

ಅಷ್ಟರಲ್ಲಿ ಕೆಳಗಿನಿಂದ ಹೊಲಿಗೆಯಾಕೆಯ ಪಶ್ಚಾತ್ತಾಪದ ದನಿ ತೇಲಿ ಬಂತು. "ಗುಂಡಾ, ಮನೇಲಿ ಎಲ್ಲಾ ಸರಿಹೋಯ್ತೇನೋ?"

ಗುಂಡ ಕಿಟಕಿಗೆ ಹತ್ತಿ, ಬೀದಿಗೆಲ್ಲ ಕೇಳುವಂತೆ ಉತ್ತರಿಸಿದ.

"ಹೊಸಾ ಮಿಸ್ ಬಂದಿದಾರೆ ಆಂಟೀ! ಸೂಟ್‌ಕೇಸೂ ತಂದಿದಾರೆ! ರಾತ್ರೀನೂ ಇಲ್ಲೇ ಇರ್ತಾರಂತೆ! ಅಪ್ಪ ಟೀ ಕೊಟ್ರು, ಅಮ್ಮನ್ನ ಅಡುಗೆಮನೆಗೆ ಕಳಿಸಿದ್ವಿ!"