ನೂರಾ ನಲವತ್ತನಾಲ್ಕನೇ ಸಹಿ

ಲೋಹಿತಾಗೆ ಹತ್ತು ಸಹಿ ಬೇಕಾಗಿತ್ತು. ಹತ್ತೇ ಹತ್ತು, ಸಂಜೆ ನಾಲ್ಕರೊಳಗೆ.

ಮಧುಗಿರಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಓದುತ್ತಿದ್ದ ಅವಳಿಗೆ ನಾಲ್ಕನೇ ವರ್ಷದ ಆನರ್ಸ್ ಸಿಗಬೇಕಾದರೆ ಸಂಶೋಧನಾ ಪ್ರಬಂಧ ಬರೆಯಬೇಕು. ಬರೆಯುವುದಕ್ಕೂ ಮೊದಲು ಅರ್ಜಿ ಹಾಕಬೇಕು. ಅರ್ಜಿಯ ಜೊತೆಗೆ, ‘ನಮ್ಮನ್ನು ಪ್ರಶ್ನೆ ಕೇಳಬಹುದು’ ಎಂದು ಹತ್ತು ಜನ ಸಹಿ ಮಾಡಿದ ಒಪ್ಪಿಗೆ ಪತ್ರಗಳಿರಬೇಕು. ಕೊನೆಗೆ ಮಾರ್ಗದರ್ಶಕರಾದ ನಂದೀಶ್ವರಯ್ಯ ಮೇಷ್ಟ್ರ ಸಹಿ. ವಿಷಯ ಅವರೇ ಕೊಟ್ಟದ್ದು: ‘ಗಾಳಿಸುದ್ದಿಯನ್ನು ಜನ ಏಕೆ ನಂಬುತ್ತಾರೆ?’ ಇಪ್ಪತ್ತು ವರ್ಷದಿಂದ ತಾವು ಇದನ್ನೇ ಅರೆದು ಕುಡಿದಿರುವುದಾಗಿ ಅವರು ತರಗತಿಯಲ್ಲಿ ವಾರಕ್ಕೆರಡು ಸಲ ಹೇಳುತ್ತಿದ್ದರು.

ಅರ್ಜಿ ತಪ್ಪಿದರೆ ಮುಂದೇನು ಎಂಬುದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಬಡವನಹಳ್ಳಿಯಲ್ಲಿ ಸೋದರಮಾವ ಭೀಮರಾಜುವಿನ ಜೆರಾಕ್ಸ್ ಅಂಗಡಿ ಇತ್ತು. ಆ ಅಂಗಡಿಯಲ್ಲಿ, ಒಂದು ಕಾಲು ಗಿಡ್ಡವಾದ ಸ್ಟೂಲು ಖಾಲಿ ಇತ್ತು. ಆ ಸ್ಟೂಲು ಈಚೆಗೆ ಲೋಹಿತಾಳ ಕನಸಿನಲ್ಲೂ ಕುಂಟಿಕೊಂಡು ಬರುತ್ತಿತ್ತು.

ಪತ್ರಗಳು ಒಂದು ವಾರದಿಂದ ಬ್ಯಾಗಿನಲ್ಲೇ ಕೂತಿದ್ದವು. ಇನ್ನೊಬ್ಬರ ಬಾಗಿಲಿಗೆ ಹೋಗಿ ಸಹಿ ಕೇಳಬೇಕೆಂದರೆ ಲೋಹಿತಾಳ ನಾಲಿಗೆ, ಮಳೆಗೆ ಉಬ್ಬಿದ ಕದದ ಹಾಗೆ, ಅಲ್ಲಾಡುತ್ತಿರಲಿಲ್ಲ. ಕೊನೆಯ ದಿನ ಬೆಳಿಗ್ಗೆ ಬೇರೆ ದಾರಿಯಿಲ್ಲದೆ, ತನ್ನ ಹಳ್ಳಿಯ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಪಕ್ಕದ ಮನೆ ಬೊಮ್ಮಕ್ಕನ ಮುಂದೆ ಒಂದು ಪತ್ರ ಚಾಚಿದಳು.

“ಸೈನ್ ಹಾಕುದ್ರೆ ಏನ್ ಕೊಡ್ತಾರೆ?” ಎಂದಳು ಬೊಮ್ಮಕ್ಕ.

“ಏನೂ ಕೊಡಲ್ಲ ಬೊಮ್ಮಕ್ಕ.”

“ಏನೂ ಕೊಡ್ದೆ ಯಾರಾದ್ರೂ ಸೈನ್ ಹಾಕುಸ್ಕಂತಾರೇನಮ್ಮಿ?”

ಬೊಮ್ಮಕ್ಕ ಬಿಂದಿಗೆ ಇಳಿಸಿ ಪತ್ರವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ನನ್ನ ಹೆಸರನ್ನು ಗುಪ್ತವಾಗಿ ಇಡಲಾಗುವುದು. ನಾನು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.’ ಓದುತ್ತ ಓದುತ್ತ ಅವಳ ಹುಬ್ಬು ಮೇಲೇರಿತು, ತುಟಿ ಒಂದು ಕಡೆಗೆ ವಾಲಿತು. ಅವಳ ಅಕ್ಕನ ಮಗಳನ್ನು ಪಾವಗಡದ ತಿರುಮಣಿಗೆ ಕೊಟ್ಟಿತ್ತು. ಅಲ್ಲಿ ಸೋಲಾರ್ ಕಂಪನಿಯವರು ಹೊಲಗಳನ್ನು ಗುತ್ತಿಗೆಗೆ ಹಿಡಿದು, ವರ್ಷವರ್ಷ ಹಣ ಕೊಟ್ಟು, ಉಳುವ ಬಿತ್ತುವ ಗೊಡವೆಯಿಲ್ಲದೆ ಜನರನ್ನು ಜಗಲಿಯ ಮೇಲೆ ಕೂರಿಸಿದ್ದರು. ಆ ಜಗಲಿಯ ವೈಭೋಗವನ್ನು ನೋಡಿ ಬಂದಾಗಿನಿಂದ ಬೊಮ್ಮಕ್ಕನಿಗೆ ತನ್ನ ಹೊಲದ ಕಡೆ ಮುಖ ಹಾಕಲು ಮನಸ್ಸಿರಲಿಲ್ಲ.

“ತಿರುಮಣೀಲೂ ಮೊದ್ಲು ಇಂಗೇ ಪೇಪರ್ ಹಿಡ್ಕಂಡು ಬಂದಿದ್ರಂತೆ,” ಎಂದಳು ಮೆಲ್ಲಗೆ.

“ಅಯ್ಯೋ, ಇದು ಸೋಲಾರ್ ಅಲ್ಲ ಬೊಮ್ಮಕ್ಕ. ಕಾಲೇಜಿಂದು.”

“ಗೊತ್ತಾಯ್ತು ಬುಡು. ಗುಪ್ತ ಅಂತ ಬರ್ದವ್ರೆ, ನೀನಾದ್ರೂ ಎಂಗೆ ಹೇಳ್ತೀಯ.” ಬೊಮ್ಮಕ್ಕ ಕಣ್ಣು ಮಿಟುಕಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಸಹಿ ಹಾಕಿದಳು.

ಸುದ್ದಿ ಹಾಲಿನ ಡೈರಿಯಲ್ಲಿ ಕ್ಯಾನಿನ ಜೊತೆ ಕೈಬದಲಾಯಿಸಿತು. ಲೋಹಿತಾ ಅಲ್ಲಿಗೆ ಹೋಗುವಷ್ಟರಲ್ಲಿ ಅಡವಯ್ಯ ತಾತ ಪಹಣಿ ಹಿಡಿದು ನಿಂತಿದ್ದ.

“ನಂದು ಬರೀ ಕಲ್ಲು ನೆಲ ಕಣಮ್ಮ,” ಎಂದು ಅವಳ ಕಿವಿಯ ಹತ್ತಿರ ಬಂದು ಹೇಳಿದ. “ಆದ್ರೆ ಬಿಸ್ಲು ಮಾತ್ರ ಫಸ್ಟ್ ಕ್ಲಾಸು.”

ಇದು ಸೋಲಾರ್ ಅಲ್ಲವೆಂದು ಲೋಹಿತಾ ಅವನಿಗೆ ಹೇಳಿದಳು, ಅವನ ಹಿಂದಿದ್ದವರಿಗೂ ಹೇಳಿದಳು. ಅವಳು ಹೇಳಿದಷ್ಟೂ ಸಾಲು ಉದ್ದವಾಯಿತು. ಜನ್ಮದಲ್ಲಿ ಸುಳ್ಳು ಹೇಳದ ಹುಡುಗಿ ಇಷ್ಟು ತಡವರಿಸುತ್ತಿದ್ದಾಳೆಂದರೆ ಕಂಪನಿಯವರು ಎಂಥ ಆಣೆ ಹಾಕಿಸಿರಬೇಕು ಎಂದು ಹೆಂಗಸರು ಮರುಗಿದರು.

ಒಂಬತ್ತೂವರೆಗೆ ಹತ್ತೂ ಪತ್ರ ಮುಗಿದವು. ಅಷ್ಟಕ್ಕೇ ಸುಮ್ಮನೆ ಬಸ್ಸು ಹತ್ತಿದ್ದರೆ ಚೆನ್ನಾಗಿತ್ತು. ಹಾಗೆ ಮಾಡದೆ ಅವಳು, “ಹತ್ತು ಸಾಕು,” ಎಂದುಬಿಟ್ಟಳು.

ಹತ್ತೇ ಜನಕ್ಕಂತೆ ಎಂಬ ಮಾತು ಬೀದಿಯಲ್ಲಿ ಓಡಿತು. ಲೋಹಿತಾಳ ಮನೆಯವರೊಡನೆ ಮೂರು ವರ್ಷದಿಂದ ಮಾತು ಬಿಟ್ಟಿದ್ದ ಮಂಜಮ್ಮ ಬಂದು, ಬೊಮ್ಮಕ್ಕನ ಹೊಲ ತೆಗೆದುಕೊಂಡು ರಸ್ತೆಗೂ ಅದಕ್ಕೂ ನಡುವೆ ಇರುವ ತನ್ನ ಹೊಲ ಬಿಟ್ಟರೆ ತಂತಿ ಎಲ್ಲಿಂದ ಎಳೆಯುತ್ತೀರಿ ಎಂದು ಕೇಳಿದಳು. ಲೋಹಿತಾ ಉತ್ತರ ಹುಡುಕುವ ಮೊದಲೇ ಊರಿನವರು ಅವಳನ್ನು ಲಗೇಜ್ ಆಟೋದಲ್ಲಿ ಹತ್ತಿಸಿ, ಸಹಿಯ ಜಾಗ ಮುಚ್ಚಿ ಪತ್ರದ ನಕಲು ತೆಗೆಸಲು ಬಡವನಹಳ್ಳಿಗೆ ಕರೆದೊಯ್ದರು.

ಭೀಮರಾಜುವಿನ ಯಂತ್ರ ಅಂದು ಹೆರಿಗೆ ನೋವಿನ ಎಮ್ಮೆಯ ಹಾಗೆ ಉಸಿರು ಬಿಟ್ಟಿತು. ಲೋಹಿತಾ ಮಾವನನ್ನು ಮೂಲೆಗೆ ಕರೆದು, ನೀನಾದರೂ ಇವರಿಗೆ ತಿಳಿಸಿ ಹೇಳು ಎಂದು ಬೇಡಿದಳು.

“ಹೇಳಾನ, ನಾಳೆ ಹೇಳಾನ,” ಎಂದ ಭೀಮರಾಜು, ಕಾಗದದ ಹೊಸ ಕಟ್ಟು ಒಡೆಯುತ್ತ. “ಇವತ್ತೊಂದಿನ ಸುಮ್ಕಿರವ್ವ.”

ಮೂರು ಗಂಟೆಗೆ ನೂರಾ ನಲವತ್ತಮೂರು ಪತ್ರಗಳಾಗಿದ್ದವು, ಒಂದೊಂದಕ್ಕೂ ಪಹಣಿ, ಆಧಾರ್ ಲಗತ್ತಾಗಿದ್ದವು. ಪತ್ರಗಳು ದಾರಿಯಲ್ಲಿ ಕಳೆದುಹೋಗಬಾರದೆಂದು ಬೊಮ್ಮಕ್ಕ, ಅಡವಯ್ಯ ಮತ್ತು ಇನ್ನೂ ಆರು ಮಂದಿ ಕಾವಲಿಗೆ ಆಟೋ ಹತ್ತಿದರು. ಮೂರೂವರೆಗೆ ಎಲ್ಲರೂ ಮಧುಗಿರಿಯಲ್ಲಿದ್ದರು.

ಮೇಷ್ಟ್ರ ಕೋಣೆಯಲ್ಲಿ ಲೋಹಿತಾ ಕಟ್ಟನ್ನು ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಒಪ್ಪಿಸಿದಳು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ಆದರೆ ನಂದೀಶ್ವರಯ್ಯ ಕನ್ನಡಕ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇದೇ ಕಣಮ್ಮ ಪ್ರಬಂಧ. ಆಸೆ ಇದ್ದಲ್ಲಿ ಬುದ್ಧಿ ಕಣ್ಣು ಮುಚ್ಚಿಕೊಳ್ಳುತ್ತೆ. ಆಮೇಲೆ ಇವರಿಗೆಲ್ಲ ನಿಜ ಹೇಳಿ ಹೊಸದಾಗಿ ಹತ್ತು ಸಹಿ ತಗೋ. ಈಗ ಅರ್ಜಿ ಕೊಡು, ನಾನು ಸಹಿ ಹಾಕ್ತೀನಿ.”

ಲೋಹಿತಾಳ ಎದೆಯ ಮೇಲಿಂದ ಕುಂಟು ಸ್ಟೂಲು ಇಳಿದು ಹೋಯಿತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಆಗ ಕಿಟಕಿಯಲ್ಲಿ ಅಡವಯ್ಯನ ತಲೆ ಕಾಣಿಸಿತು.

“ಸಾ, ನಂದು ಕಲ್ಲು ನೆಲ. ಆಯ್ತದಾ? ಕೆರೆ ಏರಿ ಕೆಳಗೆ, ಆಲದ ಮರದ ಬಲಕ್ಕೆ.”

ಪೆನ್ನು ಗಾಳಿಯಲ್ಲೇ ನಿಂತಿತು.

“ಯಾವ ಆಲದ ಮರ?” ಎಂದರು ಮೇಷ್ಟ್ರು.

ಅಡವಯ್ಯ ವಿವರಿಸಿದ. ಮೇಷ್ಟ್ರ ಹುಬ್ಬು ಮೇಲೇರಿತು, ತುಟಿ ಒಂದು ಕಡೆಗೆ ವಾಲಿತು. ಈ ಮುಖವನ್ನು ಬೆಳಿಗ್ಗೆ ನಲ್ಲಿಯ ಹತ್ತಿರ ನೋಡಿದ್ದೆನಲ್ಲ ಎಂದು ಲೋಹಿತಾಗೆ ನೆನಪಾಗುವಷ್ಟರಲ್ಲಿ ಅವರು ಎದ್ದು ಹೋಗಿ ಕಿಟಕಿ ಮುಚ್ಚಿದರು.

“ಆ ಮರದ ಎಡಕ್ಕೆ ನಮ್ಮ ಮಾವನವರದ್ದು ಎರಡೆಕರೆ ಇದೆ,” ಎಂದರು ದನಿ ತಗ್ಗಿಸಿ. “ನಿಜ ಹೇಳಮ್ಮ. ಇದು ಸೋಲಾರ್ ಅಲ್ವಾ?”

“ಅಲ್ಲ ಸರ್. ಆ ಪತ್ರ ಬರೆಸಿದ್ದೇ ನೀವು.”

“ಅದು ಸರಿ. ಆದ್ರೂ ನೂರಾ ನಲವತ್ತು ಜನ ಸುಮ್ಸುಮ್ನೆ ಸೈನ್ ಹಾಕ್ತಾರಾ?”

ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಖಾಲಿ ಪತ್ರವೊಂದನ್ನು ಎಳೆದುಕೊಂಡು ಸಹಿ ಹಾಕಿ, ಕಟ್ಟಿನ ತುದಿಗೆ ಸೇರಿಸಿ ದಾರ ಬಿಗಿದರು. ನಾಡಕಚೇರಿ ಮುಚ್ಚುವ ಮೊದಲು ಪಹಣಿ ತರುವುದಾಗಿ ಹೇಳಿ, ಹೆಲ್ಮೆಟ್ ತಲೆಗೇರಿಸಿ ಹೊರಟೇಬಿಟ್ಟರು. ಸರ್, ಅರ್ಜಿ, ಸರ್, ಎಂದು ಲೋಹಿತಾ ಹಿಂದೆ ಓಡಿದ್ದು ಸ್ಕೂಟರಿನ ಹೊಗೆಗೆ ಮಾತ್ರ ಕೇಳಿಸಿತು.

ನಾಲ್ಕಕ್ಕೆ ಐದು ನಿಮಿಷವಿತ್ತು. ಕಚೇರಿಯ ಗುಮಾಸ್ತೆ ಮಂಗಳಾ ಮೇಡಂ ಅರ್ಜಿಯನ್ನು ತಿರುವಿ ಹಾಕಿ, ಮಾರ್ಗದರ್ಶಕರ ಸಹಿಯ ಜಾಗದಲ್ಲಿ ಬೆರಳಿಟ್ಟರು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಕಟ್ಟಿನ ಕೊನೆಯ ಪತ್ರ ನೋಡಿದರು.

“ನಿನ್ ಪ್ರಶ್ನೆಗೆ ಉತ್ತರ ಕೊಡೋರೂ ಇವ್ರೇ, ನಿಂಗೆ ಗೈಡೂ ಇವ್ರೇ ಅಂದ್ರೆ ನಾಳೆ ಸೈನ್ ತಂದ್ರೂ ನಡೆಯಲ್ಲ ಕಣಮ್ಮ,” ಎಂದು ಮಂಗಳಾ ಮೇಡಂ ಕನಿಕರದಿಂದಲೇ ಹೇಳಿ, ಗಡಿಯಾರ ನೋಡಿ, ಕಿಟಕಿ ಎಳೆದುಕೊಂಡರು.

ಮರುದಿನ ಬೆಳಿಗ್ಗೆ ಲೋಹಿತಾ ಸ್ಟೂಲಿನ ಗಿಡ್ಡ ಕಾಲಿಗೆ ತನ್ನ ಅರ್ಜಿಯನ್ನೇ ಮಡಿಸಿ ಇಟ್ಟು ಕುಳಿತಳು. ಅದು ಅಲುಗಾಡಲಿಲ್ಲ. ಅಂಗಡಿಯ ಮುಂದೆ ಸ್ಕೂಟರ್ ನಿಂತಿತು. ಹೆಲ್ಮೆಟ್ಟನ್ನು ತೆಗೆಯದೆಯೇ ಬಂದ ಮೊದಲ ಗಿರಾಕಿ ಪಹಣಿಯನ್ನು ಮೇಜಿನ ಮೇಲಿಟ್ಟು, ಅತ್ತಿತ್ತ ನೋಡಿದರು.

“ಎರಡು ಕಾಪಿ,” ಎಂದರು. “ಯಾರಿಗೂ ಹೇಳ್ಬೇಡಮ್ಮ.”

ಲೋಹಿತಾ ಹೇಳಲಿಲ್ಲ. ಹೆಸರನ್ನು ಗುಪ್ತವಾಗಿ ಇಡಲಾಗುವುದು ಎಂದು ಬರೆದುಕೊಟ್ಟವಳು ಅವಳೇ ತಾನೆ.