ನಕ್ಷತ್ರವಿಲ್ಲದ ಜುಲೈ ಕುರಿತು ಒಂದು ಅರಿಕೆ

ದ್ವೀಪ ಪ್ರವಾಸ ಕೈಪಿಡಿಯ ಘನ ಸಂಪಾದಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಛತ್ರಿಯೂ ಕ್ಷೇಮವೆಂದು ಭಾವಿಸಿ, ಈ ದ್ವೀಪದ ದೋಣಿಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಟಿಕೆಟ್ ಹರಿದುಕೊಡುತ್ತಿರುವ ನಾನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕೈಪಿಡಿಯ ಹೊಸ ಮುದ್ರಣವನ್ನು ಓದಿ ಧನ್ಯನಾದೆ. 'ದ್ವೀಪಕ್ಕೆ ಹೋಗಲು ಒಳ್ಳೆಯ ಕಾಲ' ಎಂಬ ಅಧ್ಯಾಯದಲ್ಲಿ ಡಿಸೆಂಬರಿಗೆ ಐದು ನಕ್ಷತ್ರ, ಮಾರ್ಚಿಗೆ ಮೂರು ದಯಪಾಲಿಸಿ, ಜೂನಿನ ಹತ್ತಿರ ಇದ್ದ ಒಂದೇ ಒಂದನ್ನೂ ಕಿತ್ತುಕೊಂಡು, ಜೂನ್‌ನಿಂದ ಮುಂದಕ್ಕೆ 'ದ್ವೀಪದಲ್ಲಿ ಯಾರೂ ಇರುವುದಿಲ್ಲ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಸಾಲನ್ನು ನಾವು ಆರುನೂರು ಜನ ಇಲ್ಲೇ ಕುಳಿತು ಓದಿದೆವು.

ನಮ್ಮ ದೋಣಿ ಕಂಪನಿಯವರಿಗೆ ತಮ್ಮ ಮಾತೆಂದರೆ ವೇದವಾಕ್ಯ. ಪ್ರತಿವರ್ಷ ಜೂನ್ ಕೊನೆಯವರೆಗೂ ಓಡುತ್ತಿದ್ದ ದೊಡ್ಡ ದೋಣಿಯನ್ನು ಈ ಸಲ ಮೇ ಮೂವತ್ತೊಂದಕ್ಕೇ ನಿಲ್ಲಿಸಿದರು. ಸಮುದ್ರ ಆ ದಿನ ತಟ್ಟೆಯಲ್ಲಿಟ್ಟ ನೀರಿನಂತೆ ಸುಮ್ಮನಿತ್ತು, ಪಾಪ, ಅದು ತಮ್ಮ ಪುಸ್ತಕ ಓದಿರಲಿಲ್ಲ. 'ದ್ವೀಪದಲ್ಲಿ ಯಾರೂ ಇಲ್ಲದ ಕಾರಣ ದೋಣಿ ಇರುವುದಿಲ್ಲ' ಎಂಬ ನೋಟೀಸನ್ನು ಟಿಕೆಟ್ ಕಿಟಕಿಯ ಪಕ್ಕದ ಗೋಡೆಗೆ ನಾನೇ, ಈ ಕೈಯಿಂದಲೇ, ಅಂಟು ಬಳಿದು ಅಂಟಿಸಿದೆ. ನಲವತ್ತು ಜನ ಗಂಟುಮೂಟೆ ಹಿಡಿದು ನಿಂತು, ತಾವೇ ಊರಿನಲ್ಲಿ ಇಲ್ಲವೆಂಬುದನ್ನು ಎರಡೆರಡು ಸಲ ಓದಿಕೊಂಡು ಮನೆಗೆ ಹೋದರು. ದ್ವೀಪಕ್ಕಿದ್ದ ಒಬ್ಬರೇ ಡಾಕ್ಟರು ಮಾತ್ರ ಕೊನೆಯ ದೋಣಿ ಹತ್ತಿದ್ದರು. ಯಾರೂ ಇಲ್ಲದ ಊರಿನಲ್ಲಿ ಅವರಾದರೂ ಯಾರ ನಾಡಿ ಹಿಡಿಯಬೇಕು?

ನನ್ನ ಸಂಕಟ ಇಷ್ಟೇ. ನನ್ನ ಮಗಳು ತುಂಬು ಗರ್ಭಿಣಿ. ಜೂನ್ ಎರಡನೆಯ ವಾರ ಆಚೆ ದಡದ ಆಸ್ಪತ್ರೆಗೆ ಸೇರಿಸುವುದೆಂದು ಬಟ್ಟೆಗಳ ಚೀಲವನ್ನೂ ಕಟ್ಟಿಟ್ಟಿದ್ದೆವು. ಆ ಚೀಲ ಈಗಲೂ ಬಾಗಿಲ ಹಿಂದೆ ಇದೆ. ಇಲ್ಲಿರುವುದು ಮೀನಿನ ಸಣ್ಣ ದೋಣಿಗಳು, ಈ ಅಲೆಗಳಲ್ಲಿ ಅವುಗಳ ಮೇಲೆ ದಿನ ತುಂಬಿದವಳನ್ನು ಕೂರಿಸುವ ಧೈರ್ಯ ನನಗಿಲ್ಲ. ನನಗೆ ಭಯವಾಗುತ್ತಿದೆ ಎಂದು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ತಮ್ಮ ಪುಸ್ತಕವನ್ನು ಮಗಳಿಗೂ ಓದಿ ಹೇಳಿ, ಡಿಸೆಂಬರ್‌ವರೆಗೆ ಹೇಗಾದರೂ ತಡೆಯಲಾದೀತೇ ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ. "ಅಪ್ಪಾ, ನನಗೇನೋ ಓದಿ ಹೇಳಿದೆ. ಒಳಗಿರೋದಕ್ಕೆ ಯಾರು ಓದಿ ಹೇಳ್ತಾರೆ?" ಎಂದಳು.

ಆದ್ದರಿಂದ ತಮ್ಮಂಥ ಕಾಲಜ್ಞಾನಿಗಳಲ್ಲಿ ನನ್ನ ಬೇಡಿಕೆ. ಮುಂದಿನ ಮುದ್ರಣದಲ್ಲಿ ಹೆರಲು ಒಳ್ಳೆಯ ಕಾಲ, ಹಲ್ಲುನೋವಿಗೆ ಒಳ್ಳೆಯ ಕಾಲ, ಮುದುಕರು ಜಾರಿಬೀಳಲು ಒಳ್ಳೆಯ ಕಾಲ ಇವನ್ನೂ ನಕ್ಷತ್ರ ಸಮೇತ ಅಚ್ಚುಹಾಕಿಸಿದರೆ ಅದರಂತೆ ನಡೆದುಕೊಳ್ಳುತ್ತೇವೆ. ಅದು ಕಷ್ಟವಾದರೆ ಜುಲೈ ತಿಂಗಳ ಯಾವುದಾದರೂ ಒಂದು ದಿನಕ್ಕೆ, ಒಂದು ಬೆಳಗಿನ ಮಟ್ಟಿಗಾದರೂ ಸರಿ, ಅರ್ಧ ನಕ್ಷತ್ರ ಕೊಡಿಸಿ. ಡಾಕ್ಟರು ಬಂದಿಳಿಯಲು ನಮಗೆ ಅಷ್ಟು ಸಾಕು.

ಇಲ್ಲದೆಯೂ ಇರುವ,
ತಮ್ಮ ವಿಶ್ವಾಸಿ,
ದೋಣಿಕಟ್ಟೆಯ ಟಿಕೆಟ್ ಗುಮಾಸ್ತ

ಮರೆತ ಮಾತು: ಮಗು ತಮ್ಮ ಅರ್ಧ ನಕ್ಷತ್ರಕ್ಕೆ ಕಾಯಲಿಲ್ಲ. ನಿನ್ನೆ ಮಧ್ಯಾಹ್ನ, ಬಾಗಿಲು ಕಿತ್ತುಹೋಗುವಂಥ ಗಾಳಿಯಲ್ಲಿ, ನನ್ನ ಹೆಂಡತಿಯೂ ಪಕ್ಕದ ಮನೆಯ ಬಲೆ ಹೆಣೆಯುವ ಅಜ್ಜಿಯೂ ಸೇರಿ ಹೆರಿಗೆ ಮಾಡಿಸಿದರು. ಹೆಣ್ಣು. ತಾಯಿ ಬಹಳ ಬಳಲಿದ್ದಾಳೆ, ಆದರೆ ಗಂಜಿ ಕುಡಿದಳು. ಕಟ್ಟೆಯ ಸಾಮಾನಿನ ತಕ್ಕಡಿಯನ್ನು ಮನೆಗೆ ಹೊತ್ತು ತಂದು ಮಗುವನ್ನು ತೂಗಿದೆ: ಎರಡು ಕಿಲೋ ಒಂಬೈನೂರು ಗ್ರಾಂ, ಕಂಪನಿಯ ಮಿತಿಯೊಳಗೇ ಇದೆ. ಈ ಪತ್ರ ಮಳೆಗಾಲ ಕಳೆದ ಮೇಲಿನ ಮೊದಲ ದೋಣಿಯಲ್ಲಿ ತಮ್ಮನ್ನು ತಲುಪುವ ಹೊತ್ತಿಗೆ ಅವಳು ಬೋರಲು ಬೀಳುತ್ತಿರುತ್ತಾಳೆ. ಬೇರೆ ಕಾಗದ ಸಿಗದೆ ಈ ಮರೆತ ಮಾತನ್ನು, ಗೋಡೆಯಿಂದ ಕಿತ್ತ ಆ ನೋಟೀಸಿನ ಹಿಂಬದಿಗೇ ಬರೆದಿದ್ದೇನೆ, ಅಂಟಿನ ಕಲೆಗೆ ಕ್ಷಮೆಯಿರಲಿ. ಅದು ಮೊದಲಿಂದಲೂ ಸುಳ್ಳೇ ಆಗಿತ್ತು, ಆದರೂ ಗೋಡೆಯ ಮೇಲೆ ಇರಲಿ ಎಂದು ಬಿಟ್ಟಿದ್ದೆ. ನಿನ್ನೆಯಿಂದ ಅದನ್ನು ಅಂಟಿಸಿದವನು ಅಜ್ಜನಾಗಿದ್ದಾನೆ.